ದೊಡ್ಡಮ್ಮನ ಕೆಳಗೆ ಹಾಸಿದ ರಟ್ಟು

ಚಳಿಗಾಲ ಮುಗಿಯುತ್ತ ಬಂದಿರುವ ಒಂದು ಸೋಮವಾರ, ಬೆಳಗಿನ ಐದೂ ಮುಕ್ಕಾಲು. ಬೀದಿ ದೀಪ ಇನ್ನೂ ಆರಿಲ್ಲ, ಆಕಾಶ ಆಗಲೇ ಬೂದಿಬಣ್ಣಕ್ಕೆ ತಿರುಗಿದೆ. ಮೂಲೆಯ ಗ್ಯಾರೇಜಿನ ಗುಂಡಿಯೊಳಗೆ ಒಬ್ಬ ಹೆಂಗಸು ಕತ್ತೆತ್ತಿ ನಿಂತಿದ್ದಾಳೆ. ಅವಳ ತಲೆಯ ಮೇಲೆ ಹಳೆಯ ನೀಲಿ ವ್ಯಾನು, ನಿದ್ದೆ ಹೋದ ಪ್ರಾಣಿಯ ಹಾಗೆ. ಎಂಜಿನ್ನಿನ ತಳದ ಬೋಲ್ಟನ್ನು ಸ್ಪಾನರಿನಿಂದ ಒಂದು ಸುತ್ತು ಸಡಿಲಿಸಿ ಉಳಿದದ್ದನ್ನು ಬೆರಳಲ್ಲೇ ತಿರುಗಿಸುತ್ತಾಳೆ. ಕೊನೆಯ ಸುತ್ತಿಗೆ ಕೈಯನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಳ್ಳುತ್ತಾಳೆ. ಬೆಚ್ಚಗಿನ ಎಣ್ಣೆ ಒಂದೇ ಎಳೆಯಾಗಿ ಡಬ್ಬಕ್ಕೆ ಇಳಿಯುತ್ತದೆ. ಎಲ್ಲಿಯೂ ಸದ್ದಿಲ್ಲ.

"ಏನು ನೋಡ್ತಾ ಇದ್ದೀಯ?" ಎಂದು ಮೇಲಿನಿಂದ ಕೇಳುತ್ತೇನೆ.

"ನೋಡ್ತಾ ಇಲ್ಲ ಅಣ್ಣ, ಕೇಳಿಸ್ಕೊಳ್ತಾ ಇದ್ದೀನಿ."

"ಏನು ಕೇಳಿಸುತ್ತೆ?"

"ಏನೂ ಕೇಳಿಸಬಾರದು. ಠಣ್ ಅಂದ್ರೆ ಒಳಗಿಂದ ಕಬ್ಬಿಣದ ಚೂರು ಬಿತ್ತು ಅಂತ. ನೀವು ಮಾತಾಡಿದ್ರೆ ಅದು ತಪ್ಪಿಹೋಗುತ್ತೆ."

ನಾನು ಬಾಯಿ ಮುಚ್ಚಿಕೊಂಡು ಬೆಂಚಿಗೆ ವಾಪಸು ಬರುತ್ತೇನೆ.

ಊರಿಗೆಲ್ಲ ಅವಳು ಎಣ್ಣೆಯಕ್ಕ. ನನಗಿಂತ ಹದಿನಾಲ್ಕು ವರ್ಷ ಚಿಕ್ಕವಳು, ಆದರೂ ನನಗೂ ಅಕ್ಕನೇ. ಇಪ್ಪತ್ತೆಂಟು ವರ್ಷದ ಹಿಂದೆ ಈ ಗ್ಯಾರೇಜಿಗೆ ಬಂದದ್ದು ನೆಲದ ಮೇಲೆ ಮರದ ಪುಡಿ ಎರಚಿ ಗುಡಿಸುವ ಕೆಲಸಕ್ಕೆ. ಎಣ್ಣೆ ಬದಲಿಸುವವನು ಒಂದು ಬೆಳಿಗ್ಗೆ ಬರಲಿಲ್ಲ, ಸಾಲಾಗಿ ಗಾಡಿ ನಿಂತಿದ್ದವು. ಇವಳು ಪೊರಕೆ ಗೋಡೆಗೆ ಒರಗಿಸಿ ಗುಂಡಿಗೆ ಇಳಿದಳು. "ಆಮೇಲೆ ಮೇಲೆ ಹತ್ತೋದಕ್ಕೆ ಯಾರೂ ಹೇಳಲಿಲ್ಲ," ಎನ್ನುತ್ತಾಳೆ. ದಿನಕ್ಕೆ ಎಂಟೋ ಒಂಬತ್ತೋ ಗಾಡಿ, ಒಂದೊಂದಕ್ಕೆ ಮೂರರಿಂದ ಐದು ಲೀಟರ್. ತಿಂಗಳಿಗೆ ನಾಲ್ಕು ಪೀಪಾಯಿ ಹಳೆ ಎಣ್ಣೆ ತುಂಬುತ್ತದೆ. ಅಂಗೈಯ ಗೆರೆಗಳೆಲ್ಲ ಕಪ್ಪು, ಮೊಣಕೈವರೆಗೆ ಹಳೆಯ ಸುಟ್ಟ ಕಲೆ.

ಮೈಗೆ ಅಂಟಿದ ವಾಸನೆ ಸೋಪಿಗೆ ಬಗ್ಗುವುದಿಲ್ಲ. "ಮದುವೆ ಮನೇಲಿ ಪಕ್ಕ ಕೂತವರು, ಎಲ್ಲೋ ಸ್ಟವ್ ಸೋರ್ತಿದೆ ನೋಡಿ ಅಂತಾರೆ. ನಾನೂ ಅವರ ಜೊತೆ ಸೇರಿ ಹುಡುಕ್ತೀನಿ," ಎಂದು ನಗುತ್ತಾಳೆ. ಮನೆಯಲ್ಲಿ ಕಣ್ಣು ಕಾಣದ ಅತ್ತೆ ಇದ್ದಾರೆ. ಸೊಸೆ ಬಾಗಿಲು ದಾಟಿದೊಡನೆ ಮೂಗು ಎತ್ತಿ, "ಇವತ್ತು ಲಾರೀನಾ?" ಎಂದು ಕೇಳುತ್ತಾರೆ. ಹೆಚ್ಚು ಸಲ ಸರಿಯಾಗಿಯೇ ಇರುತ್ತದೆ.

ಅವಳ ಹತ್ತಿರ ಮಕ್ಕಳು ಚಿತ್ರ ಬರೆಯುವಂಥ ದಪ್ಪ ಹಾಳೆಯ ಪುಸ್ತಕಗಳಿವೆ, ಹನ್ನೆರಡೋ ಹದಿಮೂರೋ. ಒಂದೊಂದು ಗಾಡಿಗೆ ಒಂದೊಂದು ಪುಟ. ಎಣ್ಣೆ ಅಳೆಯುವ ಕಡ್ಡಿಯಿಂದ ಒಂದು ಹನಿ ಹಾಳೆಗೆ ಮುಟ್ಟಿಸಿ ಆರಲು ಬಿಡುತ್ತಾಳೆ. ಹನಿ ನಿಧಾನವಾಗಿ ಹರಡಿ ಉಂಗುರ ಕಟ್ಟುತ್ತದೆ: ನಡುವೆ ಕಪ್ಪು, ಸುತ್ತ ಕಂದು, ಅಂಚಿಗೆ ಜೇನಿನ ಬಣ್ಣ. ಕಿಟಕಿಗೆ ಹಿಡಿದರೆ ಪುಟದ ತುಂಬ ಮೋಡದಲ್ಲಿ ಸಿಕ್ಕಿದ ಚಂದ್ರರು. ಅವಳು ಆ ಚಂದ್ರರನ್ನು ನೋಡಿಯೇ ಯಾವ ಎಂಜಿನ್ನಿನ ಹೊಟ್ಟೆ ಹೇಗಿದೆ ಎಂದು ಹೇಳುತ್ತಾಳೆ.

ಗುಂಡಿಯ ಮೇಲಿರುವ ನೀಲಿ ವ್ಯಾನು ನನ್ನ ತಂಗಿಯದು. ಮನೆಯಲ್ಲಿ ಅದರ ಹೆಸರು ದೊಡ್ಡಮ್ಮ. ಇಪ್ಪತ್ತೊಂದು ವರ್ಷದಲ್ಲಿ ಮೂರು ಲಕ್ಷದ ಹನ್ನೆರಡು ಸಾವಿರ ಕಿಲೋಮೀಟರ್ ಓಡಿದೆ. ತಂಗಿ ಅದರಲ್ಲಿ ಶಾಲೆ ಮಕ್ಕಳನ್ನು ಕರೆದೊಯ್ದಳು, ಗಂಡನನ್ನು ಆಸ್ಪತ್ರೆಗೆ ಕರೆದೊಯ್ದಳು, ಒಬ್ಬಳೇ ವಾಪಸು ಬಂದಳು. ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತ ಬೆಳೆದ ಅವಳ ಮಗಳು ಈಗ ದನ ಕುರಿಗಳಿಗೆ ಲಸಿಕೆ ಹಾಕುವ ಕೆಲಸ ಕಲಿತಿದ್ದಾಳೆ. ಮೊದಲ ಕೆಲಸ ಸಿಕ್ಕಿರುವುದು ಎರಡು ದಿನದ ದಾರಿ ದೂರದ ಎತ್ತರದ ಸೀಮೆಯಲ್ಲಿ. ಬೆಳಿಗ್ಗೆ ಬಕೆಟ್ಟಿನ ನೀರು ಗಟ್ಟಿಯಾಗುವ ಜಾಗ. ಬಸ್ಸಿಲ್ಲ. ಲಸಿಕೆಯ ಪೆಟ್ಟಿಗೆ ಹೊತ್ತು ಹಟ್ಟಿಯಿಂದ ಹಟ್ಟಿಗೆ ಹೋಗಲು ಸ್ವಂತ ಗಾಡಿ ಇರಬೇಕು. ಇಲ್ಲದಿದ್ದರೆ ಕೆಲಸ ಇನ್ನೊಬ್ಬರಿಗೆ. ಈ ಗುರುವಾರ ಹೊರಟರೆ ಮಾತ್ರ ಮುಂದಿನ ಸೋಮವಾರ ಕೆಲಸಕ್ಕೆ ಅಣಿಯಾಗಬಹುದು.

ಅಂಥ ಚಳಿಗೆ ಮಾಮೂಲು ಎಣ್ಣೆ ಆಗುವುದಿಲ್ಲ. ಬೆಳಗಿನ ಜಾವ ಅದು ಗಟ್ಟಿ ಜೇನಿನ ಹಾಗೆ ತಳದಲ್ಲೇ ಕೂತುಬಿಡುತ್ತದೆ, ಎಂಜಿನ್ನು ಒಣಗಿದ ಬಾಯಲ್ಲಿ ಕಿರುಚುತ್ತದೆ. ಸಿಂಥೆಟಿಕ್ ಎಣ್ಣೆಯಾದರೆ ಚಳಿಯಲ್ಲೂ ತೆಳ್ಳಗೆ ಹರಿಯುತ್ತದೆ. ಹುಡುಗಿ ಅದರ ಡಬ್ಬಗಳನ್ನು ತಂದೇಬಿಟ್ಟಳು. ತಂಗಿ ಮಾತ್ರ ಒಪ್ಪಲಿಲ್ಲ. "ಮುದುಕಿಗೆ ಹೊಸ ರಕ್ತ ಕೊಟ್ಟು ದಾರಿ ಮಧ್ಯೆ ಮಲಗಿಸ್ತೀರಾ? ಕೆಳಗೆ ಸೋರಿದ್ದು ಕಂಡ್ರೆ ಬೀಗದಕೈ ಕೊಡಲ್ಲ. ಗುಜರಿಯವನು ಬಂದು ಟೈರು ಒದ್ದು ನೋಡಿ ಹೋಗಿದ್ದಾನೆ, ಅವನಿಗೇ ಕೊಡ್ತೀನಿ."

ಎಣ್ಣೆಯಕ್ಕನೂ ಮೊದಲು ಆಗುವುದಿಲ್ಲ ಎಂದೇ ಹೇಳಿದಳು. ಯಾಕೆಂದರೆ ಅವಳ ಒಂದು ಪುಸ್ತಕದಲ್ಲಿ ಒಂದು ಪುಟವಿದೆ. ಅದರ ಹನಿ ಹರಡಿಲ್ಲ, ಕಾಸಿನಗಲ ಕಪ್ಪಗೆ ಹಾಗೇ ಕೂತಿದೆ. ಹನ್ನೊಂದು ವರ್ಷದ ಹಿಂದಿನ ಬಿಳಿ ಟ್ಯಾಕ್ಸಿಯದು. ಚಾಲಕ ಆಸೆಪಟ್ಟು ಸಿಂಥೆಟಿಕ್ ಹಾಕಿಸಿದ. ಒಳಗೆ ವರ್ಷಗಟ್ಟಲೆ ಕಟ್ಟಿದ್ದ ಮಡ್ಡಿಯನ್ನು ಹೊಸ ಎಣ್ಣೆ ತೊಳೆದು ಬಿಡಿಸಿತು. ಬಿಟ್ಟ ಮಡ್ಡಿ ತಳದ ಜಾಲರಿಗೆ ಹೋಗಿ ಮೆತ್ತಿಕೊಂಡಿತು. ಎಣ್ಣೆ ಮೇಲೆ ಏರಲಿಲ್ಲ, ಎಂಜಿನ್ನು ರಸ್ತೆಯಲ್ಲೇ ಬಿಗಿದು ನಿಂತುಹೋಯಿತು.

"ಹನಿ ಹರಡಿಲ್ಲ ಅಂದ್ರೆ ಒಳಗೆಲ್ಲ ಮಡ್ಡಿ ಅಂತ. ಕಣ್ಣೆದುರೇ ಇತ್ತು. ಅವಸರದಲ್ಲಿ ಪುಟ ಮಗುಚಿಬಿಟ್ಟೆ," ಎನ್ನುತ್ತಾಳೆ. "ಆ ಮನುಷ್ಯ ಬಂದು ಬೆಂಚಿನ ಮೇಲೆ ಕೂತ. ಒಂದು ಮಾತು ಆಡಲಿಲ್ಲ. ಬೈದಿದ್ರೆ ಚೆನ್ನಾಗಿತ್ತು ಅಣ್ಣ." ಅಂದಿನಿಂದ ಯಾವ ಹಳೆಯ ಗಾಡಿಗೂ ಆ ಎಣ್ಣೆ ಸುರಿದಿಲ್ಲ. ಪುಟವನ್ನು ಹರಿದೂ ಹಾಕಿಲ್ಲ. ಅದರ ಎದುರಿನ ಪುಟವನ್ನು ಖಾಲಿ ಬಿಟ್ಟಿದ್ದಾಳೆ.

ಹುಡುಗಿ ಹಟ ಬಿಡಲಿಲ್ಲ. ದಿನಾ ಸಂಜೆ ಗುಂಡಿಯ ಅಂಚಿನಲ್ಲಿ ಬಂದು ಕಾಲು ಇಳಿಬಿಟ್ಟು ಕೂತಳು. "ಅಕ್ಕ, ಕುರಿಗೆ ಸೂಜಿ ಚುಚ್ಚೋವಾಗ ನನಗೂ ಭಯ ಆಗುತ್ತೆ. ಆದ್ರೂ ಚುಚ್ತೀನಿ."

"ಕುರಿ ಓಡಿಹೋಗುತ್ತೆ ಕಣೇ. ಇದು ಎಲ್ಲಿಗೆ ಓಡಬೇಕು?" ಎಂದಳು ಎಣ್ಣೆಯಕ್ಕ. ನಾಲ್ಕನೇ ಸಂಜೆ ಕೈ ಚಾಚಿ ಡಬ್ಬ ಇಸಿದುಕೊಂಡಳು.

ಮೂರು ವಾರದ ಹಿಂದೆ ಮೊದಲು ಮಾಡಿದ್ದು ಎಂಜಿನ್ನಿನ ತಳದ ತಟ್ಟೆಯನ್ನೇ ಬಿಚ್ಚಿ ಇಳಿಸಿದ್ದು. ಮಡ್ಡಿಯನ್ನು ಚಮಚದಲ್ಲಿ ಕೆರೆದಳು, ಜಾಲರಿಯನ್ನು ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ ಬೆಳಕಿಗೆ ಹಿಡಿದು ಒಂದೊಂದು ಕಣ್ಣನ್ನೂ ನೋಡಿದಳು. ಹೊಸ ಎಣ್ಣೆ, ಹೊಸ ಫಿಲ್ಟರ್. "ಐನೂರು ಕಿಲೋಮೀಟರ್ ಊರೊಳಗೇ ಓಡಿಸಿ. ಕೂಗಿದ್ರೆ ಕೇಳಿಸೋಷ್ಟು ದೂರ, ಅಷ್ಟೇ." ಈ ಸೋಮವಾರ ಅದೇ ಎಣ್ಣೆಯನ್ನು ಇಳಿಸುತ್ತಿದ್ದಾಳೆ. ಅದು ಮಸಿಯ ಹಾಗೆ ಕಪ್ಪು, ಆದರೆ ಸದ್ದಿಲ್ಲ. ಮತ್ತೆ ಹೊಸ ಫಿಲ್ಟರ್ ಕೂರಿಸಿ ಎರಡನೇ ಸಲ ಹೊಸ ಎಣ್ಣೆ ಹೊಯ್ಯುತ್ತಾಳೆ. ಲಾಳಿಕೆಗೆ ಬೀಳುವ ಎಳೆಯ ಮೇಲೆ ಆಗತಾನೆ ಹುಟ್ಟಿದ ಬಿಸಿಲು ಬೀಳುತ್ತದೆ. ಬೆಳಕಿಗೇ ತೂಕ ಬಂದು ಕೆಳಗೆ ಇಳಿಯುತ್ತಿದೆಯೇನೋ ಅನ್ನಿಸಿ, ನನಗೆ ಬೆಂಚಿನ ಮೇಲೆ ಕಣ್ಣು ಮುಚ್ಚಿಬರುತ್ತದೆ.

ಇನ್ನು ಸೋರಿಕೆಯ ಪರೀಕ್ಷೆ. ಹಳೆಯ ಗಾಡಿಯ ಸಂದುಗಳನ್ನು ಎಷ್ಟೋ ಸಲ ಮಡ್ಡಿಯೇ ಮುಚ್ಚಿರುತ್ತದೆ, ಅದು ಕರಗಿದರೆ ಸಂದು ಬಾಯಿಬಿಡುತ್ತದೆ. ಅದಕ್ಕೆ ಎಂಜಿನ್ನಿನ ತಳವನ್ನು ಹೊರಗಿನಿಂದ ಸೀಮೆಎಣ್ಣೆಯಲ್ಲಿ ತೊಳೆದು ಒಂದು ಹಗಲು ಆರಲು ಬಿಟ್ಟು, ಆಮೇಲೆ ಕೆಳಗೆ ಬಿಳಿ ರಟ್ಟು ಹಾಸುವುದು ಅವಳ ಪದ್ಧತಿ. ಬೆಳಿಗ್ಗೆ ರಟ್ಟು ನೋಡಿದರೆ ಎಲ್ಲ ತಿಳಿಯುತ್ತದೆ.

ಮಂಗಳವಾರ ಮುಂಜಾನೆ ತಂಗಿ, ಅವಳ ಮಗಳು ಇಬ್ಬರೂ ನನ್ನ ಜೊತೆಗೇ ಬರುತ್ತಾರೆ. ಎಣ್ಣೆಯಕ್ಕ ರಟ್ಟು ಎಳೆಯುತ್ತಾಳೆ. ಅಂಗೈಯಗಲ ಒದ್ದೆ, ಕಪ್ಪಗೆ. ಹುಡುಗಿ ವ್ಯಾನಿನ ಬಾಗಿಲಿಗೆ ಹಣೆ ಒತ್ತಿ ನಿಲ್ಲುತ್ತಾಳೆ.

"ಸಾಕು ಬಿಡಿ," ಎನ್ನುತ್ತಾಳೆ ತಂಗಿ, ಮೆಲ್ಲಗೆ. "ದೊಡ್ಡಮ್ಮನಿಗೂ ವಯಸ್ಸಾಯ್ತು. ಗುಜರಿಯವನಿಗೆ ಫೋನ್ ಮಾಡ್ತೀನಿ."

"ಒಂದು ಗಳಿಗೆ ತಡೀರಮ್ಮ." ಎಣ್ಣೆಯಕ್ಕ ಒದ್ದೆಗೆ ಕಡ್ಡಿ ಮುಟ್ಟಿಸಿ ಹಾಳೆಗೆ ಹನಿ ಇಳಿಸುತ್ತಾಳೆ. ಎಂಜಿನ್ ಎಣ್ಣೆಯಾದರೆ ಹರಡಲು ಗಂಟೆಗಟ್ಟಲೆ ಬೇಕು. ಇದು ನೋಡುನೋಡುತ್ತಲೇ ಓಡಿ ಅಗಲವಾದ ಪೇಲವ ಉಂಗುರವಾಗುತ್ತದೆ. ಅವಳು ಹಾಳೆಯನ್ನು ಮೂಗಿಗೆ ಹಿಡಿಯುತ್ತಾಳೆ. ಮುಖ ಕೆಂಪಾಗುತ್ತದೆ.

"ಸೀಮೆಎಣ್ಣೆ. ಗಾಡಿ ಸೋರಿಲ್ಲಮ್ಮ, ನಾನು ಸೋರಿದ್ದು. ನಿನ್ನೆ ಬೆಳಿಗ್ಗೆ ತೊಳೆದಿದ್ದೆ. ಸಂಜೆ ಮತ್ತೆ ಯಾಕೋ ಭಯ ಆಯ್ತು, ಇನ್ನೊಂದು ಸಲ ತೊಳೆದು, ಆರೋಕೂ ಬಿಡದೆ ರಟ್ಟು ಹಾಸಿಬಿಟ್ಟೆ. ಸಂದಿನಲ್ಲಿದ್ದ ಕೊಳೆ ಎಲ್ಲ ಅದರ ಜೊತೆ ಇಳಿದಿದೆ."

"ಇಪ್ಪತ್ತೆಂಟು ವರ್ಷದ ಕೈ, ಹೀಗೆ ಮಾಡೋದಾ?" ಎನ್ನುತ್ತಾಳೆ ತಂಗಿ.

"ಕೈ ಸರಿಯಾಗೇ ಇತ್ತು. ಆ ಬಿಳಿ ಟ್ಯಾಕ್ಸಿ ಬಂದು ಕೈ ಹಿಡ್ಕೊಳ್ತು."

ತಂಗಿ ಹೊರತೆಗೆದಿದ್ದ ಫೋನನ್ನು ಮತ್ತೆ ಒಳಗಿಡುತ್ತಾಳೆ. ಮಗಳು ವ್ಯಾನು ಓಡಿಸಲು ಕಲಿಯುವಾಗ ಇವಳೂ ದಿನಕ್ಕೆ ಮೂರು ಸಲ ಬ್ರೇಕು ಪರೀಕ್ಷಿಸುತ್ತಿದ್ದುದು ನನಗೆ ನೆನಪಿದೆ. "ಇನ್ನೊಂದು ದಿನ ನೋಡೋಣ. ಇವತ್ತು ಯಾರೂ ತೊಳೀಬೇಡಿ," ಎಂದು ಮನೆಗೆ ಹೋಗುತ್ತಾಳೆ. ಎಣ್ಣೆಯಕ್ಕ ಹಗಲೆಲ್ಲ ಬೇರೆ ಗಾಡಿಗಳ ಕೆಳಗೆ ಇರುತ್ತಾಳೆ, ನೀಲಿ ವ್ಯಾನಿನ ಹತ್ತಿರ ಸುಳಿಯುವುದೇ ಇಲ್ಲ. ಸಂಜೆ ಅದರ ಕೆಳಗೆ ಹೊಸ ರಟ್ಟು ಹಾಸಿ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ನಡೆಯುತ್ತಾಳೆ.

ಬುಧವಾರ. ಅದೇ ಬೂದಿ ಬೆಳಕು. ರಟ್ಟು ಹೊರಗೆ ಬರುತ್ತದೆ. ಬೆಳ್ಳಗಿದೆ. ಒಂದು ಮೂಲೆಯಲ್ಲಿ ಮಾತ್ರ ಸಾಸಿವೆಯಷ್ಟು ಚುಕ್ಕೆ.

"ಇದೇನು?" ತಂಗಿ ಬೆರಳು ತೋರಿಸುತ್ತಾಳೆ.

"ಇದು ಎಣ್ಣೇನೇ. ಸುಳ್ಳು ಹೇಳಲ್ಲ. ಹಿಂದಿನ ಸೀಲಿನ ಹಳೆ ರಬ್ಬರಿಂದ ಇಷ್ಟು ಬರುತ್ತೆ, ಮುಂದೂ ಬರುತ್ತೆ. ವಾರಕ್ಕೊಂದು ಸಲ ಕಡ್ಡಿ ತೆಗೆದು ನೋಡ್ಬೇಕು, ಇಳಿದಿದ್ರೆ ಹೊಯ್ಬೇಕು. ಇಷ್ಟೂ ಇಲ್ಲದ ಮುದುಕಿ ಎಲ್ಲಿದ್ದಾಳೆ ಹೇಳಿ?"

ತಂಗಿ ಚುಕ್ಕೆಯ ಮೇಲೆ ಬೆರಳು ಇಟ್ಟು, ಬೆರಳನ್ನು ನೋಡಿಕೊಂಡು, ಸೆರಗಿಗೆ ಒರೆಸುತ್ತಾಳೆ. ಆಮೇಲೆ ಸೊಂಟದಿಂದ ಬೀಗದಕೈ ತೆಗೆದು ವ್ಯಾನಿನ ಮೂತಿಯ ಮೇಲೆ ಇಡುತ್ತಾಳೆ. ಮಗಳ ಕೈಗೆ ಕೊಡುವುದಿಲ್ಲ. ಅಷ್ಟಕ್ಕೇ ಹುಡುಗಿ ಅಳುತ್ತಾಳೆ.

"ಅಕ್ಕ, ನಿಮಗೆ ಅಲ್ಲಿಂದ ಏನು ಕಳಿಸಲಿ?"

ಎಣ್ಣೆಯಕ್ಕ ಹಳೆಯ ಪುಸ್ತಕದಿಂದ ಆ ಖಾಲಿ ಪುಟವನ್ನು ಬ್ಲೇಡಿನಲ್ಲಿ ಬಿಡಿಸಿ ನಾಲ್ಕಾಗಿ ಮಡಚಿ ಕೊಡುತ್ತಾಳೆ. "ಮುಟ್ಟಿದ ಮಾರನೇ ದಿನ, ನೀರು ಗಟ್ಟಿಯಾಗಿರೋ ಹೊತ್ತಲ್ಲಿ, ದೊಡ್ಡಮ್ಮ ಒಂದೇ ಸಲಕ್ಕೆ ಎದ್ದಳಾ ಅಂತ ನೋಡು. ಎದ್ರೆ ಇದಕ್ಕೊಂದು ಹನಿ ಹಾಕಿ ಕಳಿಸು. ಬೇರೆ ಏನೂ ಬೇಡ. ಎಲ್ಲಿಂದ ತೆಗೆದೆನೋ ಅಲ್ಲೇ ಅಂಟಿಸ್ತೀನಿ."

ಹೊರಡುವ ಬೆಳಿಗ್ಗೆ ಲಸಿಕೆಯ ಪೆಟ್ಟಿಗೆ, ಎರಡು ಕಂಬಳಿ, ಮಿಕ್ಕ ಎಣ್ಣೆಯ ಡಬ್ಬ ಹಿಂದಿನ ಸೀಟಿಗೆ ಏರಿವೆ. ಹುಡುಗಿ ಬೀಗದಕೈ ತಿರುಗಿಸುತ್ತಾಳೆ. ದೊಡ್ಡಮ್ಮ ಒಂದೇ ಸಲಕ್ಕೆ ಎದ್ದು, ಕೆಮ್ಮದೆ, ಗುಟುರು ಹಾಕದೆ ಮೆಲ್ಲಗೆ ಮಿಡಿಯುತ್ತಾಳೆ. ಆಗ ತಂಗಿ ಒಂದು ಕೈಚೀಲ ಹಿಡಿದು ಬಂದು ಪಕ್ಕದ ಬಾಗಿಲು ತೆರೆಯುತ್ತಾಳೆ.

"ನೀನೆಲ್ಲಿಗೆ?" ಎನ್ನುತ್ತೇನೆ.

"ಇವಳಿಗೆ ಊಟ ಆದ ಮೇಲೆ ನಿದ್ದೆ ಬರುತ್ತೆ ಅಣ್ಣ. ಆಗ ಯಾರು ಓಡಿಸ್ತಾರೆ? ಮೇಲೆ ಮುಟ್ಟಿಸಿ, ಒಂದು ವಾರ ಕಡ್ಡಿ ನೋಡಿ, ಸಿಕ್ಕಿದ ಲಾರಿ ಹಿಡಿದು ಬರ್ತೀನಿ."

ವ್ಯಾನು ಬೀದಿಯ ತಿರುವಿನಲ್ಲಿ ಬೂದಿ ಬೆಳಕಿಗೆ ಸೇರಿಹೋಗುತ್ತದೆ. ಎಣ್ಣೆಯಕ್ಕ ಅದು ನಿಂತಿದ್ದ ಜಾಗಕ್ಕೆ ಬಂದು ಬಗ್ಗಿ, ಅಂಗೈಯಲ್ಲಿ ನೆಲ ಮುಟ್ಟಿ ನೋಡುತ್ತಾಳೆ. ಒಣಗಿದೆ. ಮುಂದಿನ ಗಾಡಿ ಆಗಲೇ ಬಂದು ನಿಂತಿದೆ, ಅವಳು ಗುಂಡಿಗೆ ಇಳಿಯುತ್ತಾಳೆ. ಹೊರಟವರು ಇಬ್ಬರು, ತಾಯಿ ಮತ್ತು ಮಗಳು. ಅಂದುಕೊಂಡ ಗುರುವಾರವೇ.