ಗ್ರಹಣ ಬಿಟ್ಟ ಮೇಲೂ ನಿಂತ ಒನಕೆ

ಯರಗಟ್ಟಿಯಲ್ಲಿ ನನ್ನದೊಂದು ಪಾತ್ರೆ ಅಂಗಡಿ. ಬುಟ್ಟಿ ಹೊತ್ತು, ಹಳೆ ಸೀರೆಗೆ ಸ್ಟೀಲ್ ಡಬ್ಬಿ ಕೊಡುತ್ತ ಊರೂರು ತಿರುಗಿ ಕಟ್ಟಿದ್ದು. ಚೌಕಾಶಿಯಲ್ಲಿ ನನ್ನನ್ನು ಸೋಲಿಸಿದವರು ಕಡಿಮೆ. ಒಮ್ಮೆ ಮಾತ್ರ ತಪ್ಪು ಕರಾರು ಹಾಕಿದೆ, ಅದೂ ಸ್ವಂತ ಅಕ್ಕನ ಜೊತೆ.

ಆ ಸೂರ್ಯಗ್ರಹಣದ ಹಿಂದಿನ ದಿನ ಕೊಡ ಕೊಳ್ಳಲು ಬಂದ ಸಾಲಿ ಮಾಸ್ತರರು ಅಂಗಡಿಯಲ್ಲೇ ಪಾಠ ಹೂಡಿದರು. ಕೊಡ ಭೂಮಿ, ಚಂಬು ಚಂದ್ರ.

"ಚಂದ್ರ ಯಾವತ್ತೂ ಭೂಮಿ ಕಡೆ ಬೀಳಾಕ ಹತ್ತೈತ್ರಿ, ಅಕ್ಕಾರ. ಆದ್ರ ಅಡ್ಡ ಓಟ ಭಾಳ ಜೋರ. ಬಿದ್ದಷ್ಟೂ ಭೂಮಿ ತಪ್ಪತೈತಿ. ಅದಕ್ಕ ಸುತ್ತತೈತಿ."

"ಹಂಗಾದ್ರ ತಿಂಗಳಾ ಅಮಾಸಿಗೆ ಗ್ರಹಣ ಯಾಕಿಲ್ರಿ?"

ಅವರು ಚಂಬನ್ನು ಓರೆಯಾಗಿ ಸುತ್ತಿಸಿದರು. ಅದರ ದಾರಿ ಸ್ವಲ್ಪ ವಾರೆ. ಸೂರ್ಯನಿಗೆ ನೇರ ಅಡ್ಡ ಬರುವುದು ಅಪರೂಪ. "ಹಿಡಿಯೂ ಹೊತ್ತು, ಬಿಡೂ ಹೊತ್ತು ಎಲ್ಲಾ ಮೊದಲ ಗೊತ್ತಿರತಾವ್ರಿ. ಅಲ್ಲೆ ನಿಮ್ಮ ಚೌಕಾಶಿ ನಡಿಯೂದಿಲ್ಲ."

ಮರುದಿನ ಬೆಳಿಗ್ಗೆ ಮುನವಳ್ಳಿ ಹತ್ತಿರದ ಹಳ್ಳಿಯಿಂದ ಅಕ್ಕನ ಸೊಸೆಯ ಫೋನ್. "ಸಣ್ಣತ್ತಿ, ಬ್ಯಾನಿ ಸುರು ಆಗ್ಯಾವು, ನೀರು ಹೋಗಾಕ ಹತ್ತೈತಿ. ಅತ್ತಿ ಹೊರಗ ಬಿಡವಲ್ರು." ಚೊಚ್ಚಲ ಹೆರಿಗೆ. ಗಂಡ ಲಾರಿ ಹೇರಿಕೊಂಡು ದೂರ ಹೋಗಿದ್ದ. ನಾನು ಸಾಮಾನು ಸಾಗಿಸುವ ನನ್ನ ಗಾಡಿಯಲ್ಲೇ ಹೊರಟೆ.

ಅಕ್ಕನ ಮನೆ ಮುಟ್ಟುವಷ್ಟರಲ್ಲಿ ಬಿಸಿಲು ರೋಗ ಬಂದವರ ಮುಖದಂತಾಗಿತ್ತು. ಅಂಗಳದ ಬೇವಿನ ಕೆಳಗೆ ಬಿದ್ದ ಬೆಳಕಿನ ಚುಕ್ಕೆಗಳೆಲ್ಲ ಕುಡುಗೋಲಿನ ಆಕಾರ. ಕೋಳಿಗಳು ಗೂಡು ಸೇರಿದ್ದವು. ಒಳಗೆ ಅಕ್ಕ ಹಿತ್ತಾಳೆ ಗಂಗಾಳದಲ್ಲಿ ಅರಿಸಿನ ನೀರು ತುಂಬಿ, ನಡುವೆ ಒನಕೆ ನಿಲ್ಲಿಸಿ ಕೂತಿದ್ದಳು. ನಮ್ಮಲ್ಲಿ ರೂಢಿ: ಒನಕೆ ನಿಂತರೆ ಗ್ರಹಣ ಹಿಡಿದಿದೆ, ಬಿದ್ದರೆ ಬಿಟ್ಟಿತು.

"ಬಸುರೀನ್ನ ಈಗ ಹೊರಗ ಒಯ್ದು ಕೂಸಿಗೆ ಊನ ಮಾಡ್ಲೇನ?"

"ಕೂಸು ಗ್ರಹಣ ಕೇಳಿ ಹುಟ್ಟೂದಿಲ್ಲ ಯಕ್ಕಾ."

"ಭಾಂಡೆ ಮಾರಾಕಿ, ನೀ ಡಾಕ್ಟರ್ ಯಾವಾಗ ಆದಿ?"

ಗ್ರಹಣ ಬಿಟ್ಟು, ಜಳಕವಾಗಿ, ದೇವರಿಗೆ ದೀಪ ಹಚ್ಚಿದ ಮೇಲೆ ಹೊರಡುವುದು ಎಂದಳು. ಅಂದರೆ ಮಧ್ಯಾಹ್ನ. ನಾನು ಇಳಿಸುತ್ತ ಬಂದೆ. ಜಳಕ ಬೇಡ, ದೀಪ ಬೇಡ. ಕೊನೆಗೆ "ಒನಕಿ ಬಿದ್ದ ಕೂಡ್ಲೆ ಗಾಡಿ ಹತ್ತೂದು" ಎಂದೆ. ಅಕ್ಕ ನನ್ನ ಅಂಗೈ ಮೇಲೆ ಕೈ ಇಟ್ಟು "ಆತು" ಎಂದಳು. ಗ್ರಹಣ ಬಿಡುತ್ತದೆಂದು ಮಾಸ್ತರರು ಹೇಳಿದ್ದ ಹೊತ್ತಿಗೆ ಅರ್ಧ ತಾಸಷ್ಟೇ ಉಳಿದಿತ್ತು. ಗೆದ್ದೆ ಅಂದುಕೊಂಡೆ.

ಹೊತ್ತು ಮುಗಿಯಿತು. ಬೇವಿನ ಕೆಳಗಿನ ಚುಕ್ಕೆಗಳು ದುಂಡಗಾದವು, ಕೋಳಿ ಹೊರಬಂದವು. ಒನಕೆ ಅಲುಗಲಿಲ್ಲ. ಬುಡ ಸಪಾಟಿರುವ ಒನಕೆ, ಗ್ರಹಣವಿರಲಿ ಬಿಡಲಿ, ಯಾರೂ ತಳ್ಳದಿದ್ದರೆ ಸಂಜೆತನಕ ನಿಲ್ಲುತ್ತದೆ. ತಳ ನೋಡಿ ಕೊಡ ಮಾರುವ ನನಗೆ ಅದು ಹೊಳೆಯಬೇಕಿತ್ತು.

"ಬಿಟ್ಟೈತಿ ಯಕ್ಕಾ. ಹೊರಗ ಬಂದು ನೋಡು."

"ಮಾತು ಅಂದ್ರ ಮಾತು. ಒನಕಿ ಬಿದ್ದಿಲ್ಲ."

ಒಳಕೋಣೆಯಲ್ಲಿ ಸೊಸೆ ನರಳುವುದನ್ನು ನಿಲ್ಲಿಸಿದ್ದಳು. ಹೋಗಿ ಅವಳು ಹೊದ್ದ ದುಪ್ಪಡಿ ಎತ್ತಿ ನೋಡಿದೆ. ನೀರು ಹಸಿರಾಗಿತ್ತು, ಕೂಸು ಹೊಟ್ಟೆಯೊಳಗೇ ಮಲ ಮಾಡಿತ್ತು. ಹೊರಬಂದವಳೇ ಗಂಗಾಳವನ್ನು ಒದ್ದೆ. ಒನಕೆ ಉರುಳಿತು, ಅರಿಸಿನ ನೀರು ಅಕ್ಕನ ಪಾದದವರೆಗೆ ಹರಿಯಿತು. ಸೊಸೆಯನ್ನು ಎತ್ತಿ ಗಾಡಿಯಲ್ಲಿ ಮಲಗಿಸಿದೆ. ಒನಕೆ ಬಿದ್ದಿತ್ತಲ್ಲ, ಅಕ್ಕನೂ ಹತ್ತಿದಳು.

ಸವದತ್ತಿಯ ಆಸ್ಪತ್ರೆಯಲ್ಲಿ ಸೊಸೆ ಉಳಿದಳು. ಕೂಸು ಅಳಲಿಲ್ಲ. "ಒಂದು ತಾಸು ಮೊದಲ ತಂದಿದ್ರ ಕೂಸೂ ಉಳೀತಿತ್ತು" ಎಂದರು ಡಾಕ್ಟರ್. ಅಕ್ಕ ಮಾತ್ರ ಊರ ತುಂಬ ಬೇರೆಯೇ ಹೇಳಿದಳು: "ಒನಕಿ ತಾನ ಬೀಳಾಕ ಬಿಡ್ಲಿಲ್ಲ, ಒದ್ದು ಕೆಡವಿದ್ಲು. ಅದಕ್ಕ ಕೂಸು ಹೋತು." ನಂಬಿದವರೇ ಹೆಚ್ಚು.

ನನ್ನ ಮಾತು ಕೇಳಿ: ಕರಾರು ಹಾಕುವುದಾದರೆ ಗಡಿಯಾರದ ಮೇಲೆ ಹಾಕಿ. ನೀರು ಹೋಗಲು ಹತ್ತಿದ ಮೇಲಂತೂ ಯಾವ ಕರಾರೂ ಬೇಡ, ಎತ್ತಿಕೊಂಡು ಹೊರಡಿ.

ಈಗ ಸೊಸೆಗೆ ಮತ್ತೆ ಐದು ತಿಂಗಳು. ಕ್ಯಾಲೆಂಡರ್ ತಿರುವಿದೆ. ಅವಳ ಒಂಬತ್ತನೆಯ ತಿಂಗಳಲ್ಲಿ ಒಂದು ಗ್ರಹಣವಿದೆ. ನಿನ್ನೆ ಫೋನ್ ಮಾಡಿದರೆ ಅಕ್ಕನೇ ಎತ್ತಿ ಅಂದಳು:

"ಈ ಸಲ ನಿನ್ನನ್ನ ಒನಕಿ ಹತ್ರ ಬಿಡೂದಿಲ್ಲ."

"ಬಿಡಬ್ಯಾಡ. ಎಂಟನೇ ತಿಂಗಳಾಗ ಸೊಸಿನ್ನ ನನ್ನ ಮನಿಗೆ ಕಳಸು. ಅಷ್ಟ ಸಾಕು."

ಅಕ್ಕ ಫೋನ್ ಇಟ್ಟಳು. ನಾನು ಕ್ಯಾಲೆಂಡರಿನಲ್ಲಿ ಸೊಸೆಯ ಎಂಟನೆಯ ತಿಂಗಳಿಗೆ ಗುರುತು ಹಾಕಿದೆ.