ತಾಯಿಶುಂಠಿ

ಇವತ್ತು ಕೊಪ್ಪದ ಸಂತೆಯಲ್ಲಿ ಮಣ್ಣು ಹತ್ತಿದ ಹಸಿಶುಂಠಿಯ ವಾಸನೆ ಮೂಗಿಗೆ ಬಡಿದದ್ದೇ ಸೀತೂರಿನ ನಮ್ಮ ಹಿತ್ತಲು ನೆನಪಾಯಿತು.

ನಾನು ಚಿಕ್ಕವಳಿದ್ದಾಗ ಅಮ್ಮ ಮೊಳಕೆ ನೋಡಿ ಮುರಿದು ನೆಟ್ಟ ಶುಂಠಿ ಮೊಣಕಾಲೆತ್ತರ ಬರುವಷ್ಟರಲ್ಲಿ, ಜ್ವರ ಬಂದು ಅಮ್ಮನೇ ತೀರಿಕೊಂಡಿದ್ದಳು. ಮನೆ ನೋಡಿಕೊಳ್ಳಲು ಬಂದ ಸೋದರತ್ತೆ ಒಂದು ದಿನ ಅಡುಗೆಗೆಂದು ಬುಡದ ಮಣ್ಣು ಸರಿಸಿ, ನೆಟ್ಟಿದ್ದ ಹಳೇ ತುಂಡನ್ನು ಮುರಿದು ತೆಗೆದರು.

"ಅದು ಅಮ್ಮ ನೆಟ್ಟಿದ್ದು," ಅಂದೆ.

"ತಾಯಿಶುಂಠಿ ತೆಗೆದರೆ ಗಿಡಕ್ಕೆ ಎಂತ ಆಗಲ್ಲ ಕೂಸೆ. ಮರಿಗಳಿಗೆ ಬೇರು ಬಂದಿದೆ," ಅಂದ ಅತ್ತೆ, ನನ್ನ ಮುಖ ನೋಡಿ ತುಂಡನ್ನು ಸೆರಗಿನಲ್ಲಿ ಮುಚ್ಚಿಕೊಂಡರು.

ಆಮೇಲೆ ದಿನಾ ಬೆಳಿಗ್ಗೆ ಹೋಗಿ ಗಿಡ ಬಾಡಿದೆಯಾ ಅಂತ ನೋಡುತ್ತಿದ್ದೆ. ಬಾಡಲಿಲ್ಲ, ಇನ್ನೂ ಹಸಿರಾಗಿ ಹಬ್ಬಿತು. ತಾಯಿ ಇಲ್ಲದೆಯೂ ಬೆಳೆಯುತ್ತದಲ್ಲ ಅಂತ ನನಗೆ ಹೆದರಿಕೆಯಾಯಿತು.

ಸಂತೆಯಿಂದ ಬಂದವಳು ನನ್ನ ಹಿತ್ತಲಿನ ಶುಂಠಿಯ ಬುಡ ಕೆದಕಿದೆ. ಹಳೇ ತುಂಡು ಬೆರಳಿಗೆ ಸಿಕ್ಕಿತು. ಮುರಿಯಲು ಮನಸ್ಸಾಗಲಿಲ್ಲ.