ಕಾಲು ಮಡಚಿ ಕೂತ ಡ್ರೈವರ್

ಸುಳ್ಳ ಎಂಬ ಹಳ್ಳಿಗೆ ಹೋಗುವ, ಮಳೆಯಲ್ಲಿ ನೆನೆದ ಎರೆಮಣ್ಣಿನ ರಸ್ತೆಯಲ್ಲಿ ಖಾಲಿ ಲಾರಿ ಏಡಿಯಂತೆ ಅಡ್ಡಡ್ಡ ಜಾರತೊಡಗಿತು. ಬಸ್ ಬಾರದೆ ಹುಬ್ಬಳ್ಳಿಯಿಂದ ಅದನ್ನೇರಿ ಅಲ್ಲಿಯ ಶಾಲೆಗೆ ಹೊರಟಿದ್ದ ನಾನು, ಅರವತ್ತರ ದಶಕದ ಹೊಸ ಶಿಕ್ಷಕಿ, "ಬ್ರೇಕ್ ಹಾಕ್ರೀ!" ಎಂದು ಕಿರುಚಿದೆ.

ಡ್ರೈವರ್ ಹುಸೇನ್ ಕಾಕಾ ಎರಡೂ ಕಾಲೆತ್ತಿ, ಊಟಕ್ಕೆ ಕೂತವರಂತೆ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಕೂತುಬಿಟ್ಟರು! ಕೈ ಮಾತ್ರ ಸ್ಟಿಯರಿಂಗನ್ನು ಲಾರಿ ಜಾರುವ ಕಡೆಗೇ ಹಗುರವಾಗಿ ತಿರುಗಿಸುತ್ತಿತ್ತು.

"ಕಾಲು ಕೆಳಗಿದ್ರ ಬ್ರೇಕ್ ತುಳಿತಾವ್ರಿ ಅಕ್ಕೋರ. ತುಳದ್ರ ಗಾಡಿ ಹಳ್ಳದಾಗ."

ಲಾರಿ ಅರ್ಧ ಸುತ್ತು ತಿರುಗಿ, ಹುಬ್ಬಳ್ಳಿಗೆ ಮುಖಮಾಡಿ ನಿಂತಿತು. "ಇವತ್ತ ಸಾಲಿ ಸೂಟಿ ಅಂತ ಗಾಡಿನ ಹೇಳಾಕತ್ತೇತಿ," ಎಂದು ಕಾಕಾ ನಕ್ಕರು.

ಆಮೇಲೆ ಎಷ್ಟೋ ವರ್ಷ ಪಾಠ ಮಾಡಿದೆ. ತರಗತಿ ಕೈಮೀರಿ ಗದ್ದಲವೆದ್ದಾಗ ನಾನು ಬೆತ್ತ ಹುಡುಕುತ್ತಿರಲಿಲ್ಲ; ಚಪ್ಪಲಿ ಬಿಟ್ಟು, ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಕೂತುಬಿಡುತ್ತಿದ್ದೆ.